ಆಟಿ ಇಪ್ಪತ್ತೇಳಕ್ಕೆ ನಿಂತ ಫೋನು

ಒಂದು ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಒಂದು ಆ್ಯಪ್ ಬರೆದಿದ್ದೇನೆ. ಕವನ ಸಂಕಲನ ತಂದವನನ್ನು ದೂರದಲ್ಲಿ ಕಂಡರೆ ಜನ ರಸ್ತೆ ದಾಟಿ ಆಚೆ ಹೋಗುತ್ತಾರಂತೆ. ಆ್ಯಪ್ ಬರೆದವನನ್ನು ಕಂಡರೆ ರಸ್ತೆ ದಾಟಿ ಈಚೆ ಬರುತ್ತಾರೆ, ಕೈಯಲ್ಲಿ ಫೋನು ಹಿಡಿದುಕೊಂಡು. ‘ಸಾರ್, ನಿನ್ನೆ ಅಪ್‌ಡೇಟ್ ಆದ ಮೇಲೆ ಅಕ್ಷರ ಎಲ್ಲ ಸಣ್ಣ ಆಗಿದೆ, ಎಂತ ಮಾಡುವುದು?’ ‘ಮೇಷ್ಟ್ರೇ, ನನ್ನ ಕ್ಯಾಮೆರಾ ಇಲ್ಲೇ ಇತ್ತು, ಈಗ ಕಾಣುವುದಿಲ್ಲ.’ ಕಾಪು ಪೇಟೆಯಲ್ಲಿ ಬಂಗುಡೆ ಮೀನು ಆರಿಸುತ್ತಿರುವಾಗ, ಉಡುಪಿಯ ಮದುವೆ ಹಾಲಿನಲ್ಲಿ ಸಾರಿಗೆ ಕೈ ಹಾಕಿರುವಾಗ, ಎಲ್ಲಿ ಬೇಕಾದರೂ ಹಿಡಿಯುತ್ತಾರೆ. ನಾನು ಉಡುಪಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು, ಜಗತ್ತಿನ ಫೋನುಗಳನ್ನೆಲ್ಲ ನಾನೇ ಹಾಳು ಮಾಡುತ್ತಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಅಪ್‌ಡೇಟು ಕಳುಹಿಸುವವರ ಮುಖ ಯಾರೂ ನೋಡಿಲ್ಲ, ನನ್ನ ಮುಖ ಎದುರಿಗೇ ಇರುತ್ತದೆ. ಹಾಗಾಗಿ ಬೈಗುಳ ನನ್ನ ಪಾಲಿಗೆ ಬರುತ್ತದೆ.

ನನ್ನ ಮೊದಲ ಫೋನಿನ ನೆನಪು ಈಗಲೂ ಆಗುತ್ತದೆ. ಒತ್ತುವ ಗುಂಡಿಗಳಿದ್ದ ಕಪ್ಪು ಫೋನು ಅದು. ಒಂದು ಟಾರ್ಚು, ಒಂದು ಹಾವಿನ ಆಟ, ಮುಗಿಯಿತು. ಒಮ್ಮೆ ಬಾವಿಕಟ್ಟೆಯ ಬಕೆಟಿಗೆ ಬಿದ್ದಿತ್ತು. ಹೆಂಡತಿ ವಾರಿಜ ಅದನ್ನು ಕುಚ್ಚಲಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಮೂರನೇ ದಿನ ಅಕ್ಕಿ ಅಳೆಯುವಾಗ ಡಬ್ಬಿಯೊಳಗಿಂದ ಅದು ರಿಂಗ್ ಆಗಿ, ಅವಳು ಸೇರನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಓಡಿದ್ದಳು. ಆ ಫೋನು ಏಳೆಂಟು ವರ್ಷ ನನ್ನ ಜೇಬಿನಲ್ಲಿತ್ತು. ಅಷ್ಟೂ ವರ್ಷಗಳಲ್ಲಿ ತಾನು ಇನ್ನು ಸುಧಾರಿಸಬೇಕು ಎಂದು ಅದಕ್ಕೆ ಒಂದು ದಿನವೂ ಅನಿಸಲಿಲ್ಲ. ನನಗೂ ಅನಿಸಿರಲಿಲ್ಲ, ಹಾಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿಕೆಯಾಗಿತ್ತು.

ಇನ್ನು ಆ ಆ್ಯಪಿನ ವಿಷಯ. ಅದು ಹುಟ್ಟಿದ್ದು ನನ್ನ ಸೋದರಮಾವನಿಂದ. ತುಳುವಿನಲ್ಲಿ ಸೋದರಮಾವನಿಗೆ ‘ತಮ್ಮಲೆ’ ಎನ್ನುತ್ತೇವೆ. ನಮ್ಮ ಕುಟುಂಬದಲ್ಲಿ ತಮ್ಮಲೆಯ ಮಾತಿನ ಮೇಲೆ ಮಾತಿಲ್ಲ. ಹೆಸರು ಸಂಜೀವ, ಊರಿಗೆ ಸಂಜೀವಣ್ಣ. ಮದುವೆಯಾಗದೆ ಉಳಿದು ನಮ್ಮ ಜತೆಗೇ ಕಾಪುವಿನ ಮನೆಯಲ್ಲಿ ಇದ್ದಾರೆ, ಈಗ ಎಂಬತ್ತಾರು. ಪಗ್ಗು, ಬೇಶದಿಂದ ಆಟಿ, ಸೋಣ, ನಿರ್ನಾಲ ದಾಟಿ ಸುಗ್ಗಿಯವರೆಗೆ, ತುಳುವರ ಹನ್ನೆರಡು ತಿಂಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ ಹೋಗುವುದು. ದಿನವನ್ನು ಲೆಕ್ಕ ಹಾಕುವ ಮಾತೂ ಬೇರೆ. ಉಳಿದವರು ಇವತ್ತು ಎಷ್ಟನೇ ತಾರೀಖು ಎಂದು ಕೇಳಿದರೆ, ನಾವು ‘ಇನಿ ಏತ್ ಪೋಪುಂಡು?’ ಎನ್ನುತ್ತೇವೆ. ಇವತ್ತು ಎಷ್ಟು ಹೋಗುತ್ತದೆ? ದಿನ ಬಂತು ಎಂದು ಸಂಭ್ರಮಿಸುವ ಅಭ್ಯಾಸ ನಮಗಿಲ್ಲ, ಹೋಗುತ್ತಾ ಇದೆ ಎಂದು ಮಾತ್ರ ತಿಳಿದುಕೊಳ್ಳುತ್ತೇವೆ. ಈ ಲೆಕ್ಕ ನಮ್ಮ ಬೀದಿಗೆಲ್ಲ ತಮ್ಮಲೆಯ ಬಾಯಲ್ಲಿತ್ತು. ಬೆಳಿಗ್ಗೆ ಮಾವಿನೆಲೆಯಲ್ಲಿ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ ಮೇಲೆ ಅವರು ಆಡುವ ಮೊದಲ ಮಾತೇ ಅದು. ಬಸ್ಸಿಗೆ ಹೋಗುವವರು ಗೇಟಿನ ಆಚೆಯಿಂದ ಕೇಳಿಸಿಕೊಂಡು ಹೋಗುತ್ತಿದ್ದರು. ಮುಂಬೈಯಲ್ಲಿ ಹೊಟೇಲು ಇಟ್ಟುಕೊಂಡ ನೆಂಟರು ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಕೇಳುತ್ತಿದ್ದರು. ಒಂದು ದಿನವೂ ತಪ್ಪಿದ್ದಿಲ್ಲ.

ಸ್ಮಾರ್ಟ್‌ಫೋನು ಬಂದ ಹೊಸತರಲ್ಲಿ, ಮಣಿಪಾಲದಲ್ಲಿ ಶಿಕ್ಷಕರಿಗಾಗಿ ನಡೆದ ಒಂದು ತರಬೇತಿಯಲ್ಲಿ ಆ್ಯಪ್ ಬರೆಯುವುದನ್ನು ಅರೆಬರೆ ಕಲಿತೆ. ಅರೆಬರೆ ಕಲಿತವನ ಹುರುಪು ಗೊತ್ತಲ್ಲ! ಪರದೆಯನ್ನು ಮುಟ್ಟಿದರೆ ತಮ್ಮಲೆಯ ದನಿಯಲ್ಲಿ ಆ ದಿನದ ಲೆಕ್ಕ ಹೇಳುವ ಆ್ಯಪ್ ಮಾಡುವುದೆಂದು ತೀರ್ಮಾನಿಸಿದೆ. ಒಂದು ಭಾನುವಾರ ಅವರನ್ನು ಕೂರಿಸಿ ಹನ್ನೆರಡು ತಿಂಗಳನ್ನೂ ಒಟ್ಟಿಗೆ ರೆಕಾರ್ಡ್ ಮಾಡಿಕೊಳ್ಳುವ ಯೋಚನೆ ನನ್ನದು. ತಮ್ಮಲೆ ಒಪ್ಪಲಿಲ್ಲ. ‘ಇವತ್ತು ಪಗ್ಗು ಒಂದು ಹೋಗುವುದು. ನಾನು ಸೋಣ ಹತ್ತು ಹೋಗ್ತದೆ ಅಂತ ಹೇಳುವುದು ಹೇಗೆ ಮಾರಾಯ? ಸುಳ್ಳಾಗುವುದಿಲ್ವಾ?’ ಎಂದರು. ಇಲ್ಲದ ದಿನವನ್ನು ಉಂಟು ಎಂದು ಹೇಳಲು ಅವರ ನಾಲಗೆ ಏಳಲಿಲ್ಲ. ಹಾಗಾಗಿ ಒಂದು ಇಡೀ ವರ್ಷ, ದಿನಕ್ಕೊಂದು ವಾಕ್ಯದಂತೆ, ನಾನು ಹಲ್ಲುಜ್ಜಿದ ತಮ್ಮಲೆಯ ಮುಂದೆ ಬೆಳಿಗ್ಗೆ ಬೆಳಿಗ್ಗೆ ಫೋನು ಹಿಡಿದು ನಿಂತೆ. ಪತ್ರಿಕೆಯವರು ಮಂತ್ರಿಗಳ ಮುಂದೆಯೂ ಅಷ್ಟು ಭಕ್ತಿಯಿಂದ ನಿಲ್ಲಲಿಕ್ಕಿಲ್ಲ.

ಆ್ಯಪ್ ತಯಾರಾಯಿತು. ಬಳಸುವವರು ನೆಂಟರು, ನೆಂಟರ ನೆಂಟರು, ಗಲ್ಫಿನಲ್ಲಿರುವ ಕೆಲವರು. ಆಮೇಲೆ ಗೊತ್ತಾಯಿತು, ಆ್ಯಪ್ ಬರೆದು ಮುಗಿಯುವಂಥದ್ದಲ್ಲ ಎಂದು. ವರ್ಷಕ್ಕೊಮ್ಮೆ ಫೋನಿನ ಆಪರೇಟಿಂಗ್ ಸಿಸ್ಟಮ್ ಹೊಸದಾಗುತ್ತದೆ. ಕೂಡಲೇ ನನಗೊಂದು ಮೇಲ್ ಬರುತ್ತದೆ. ‘ಪ್ರಿಯ ಡೆವಲಪರ್, ಇಂಥ ದಿನದೊಳಗೆ ನಿಮ್ಮ ಆ್ಯಪನ್ನು ಹೊಸ ಆವೃತ್ತಿಗೆ ಹೊಂದಿಸದಿದ್ದರೆ ಆ್ಯಪ್ ಅಂಗಡಿಯಿಂದ ತೆಗೆಯಲಾಗುವುದು.’ ಆ ‘ಪ್ರಿಯ’ ಎಂಬ ಮಾತು ಯಾಕೆ ಹಾಕುತ್ತಾರೋ ದೇವರಿಗೇ ಗೊತ್ತು. ಮೊದಮೊದಲು ರಜೆ ಹಾಕಿ ಸರಿಮಾಡುತ್ತಿದ್ದೆ. ಆಮೇಲೆ ಶಾಲೆ, ಜನಗಣತಿ, ಚುನಾವಣೆ ಕೆಲಸ, ಮಗಳ ಮದುವೆ ಎಂದು ಕಾರಣಗಳು ಕೂಡುತ್ತಾ ಹೋದವು. ಕೊನೆಗೆ ನಾನು ಹೊಸ ಫೋನು ಕೊಂಡಾಗ, ಈ ಆ್ಯಪ್ ಹಳೆಯ ಫೋನುಗಳಿಗಾಗಿ ಮಾಡಿದ್ದು ಎಂದು ಹೇಳಿ ನನ್ನ ಆ್ಯಪನ್ನೇ ನನ್ನ ಫೋನು ಒಳಗೆ ಬಿಟ್ಟುಕೊಳ್ಳಲಿಲ್ಲ. ತಮ್ಮಲೆಯ ಫೋನಿನಲ್ಲಿ ಮಾತ್ರ ಅದು ಆರಾಮವಾಗಿ ಇತ್ತು.

ಆರಾಮವಾಗಿ ಇರಲೇಬೇಕಿತ್ತು, ಯಾಕೆಂದರೆ ಎರಡು ವರ್ಷಗಳಿಂದ ತಮ್ಮಲೆಗೆ ಮರೆವು ಶುರುವಾಗಿದೆ. ನಿನ್ನೆಯದು ಅವರಲ್ಲಿ ಉಳಿಯುವುದಿಲ್ಲ. ಐವತ್ತು ವರ್ಷ ಹಿಂದಿನ ಭೂತದ ನೇಮಕ್ಕೆ ಯಾರು ಎಷ್ಟು ತೆಂಗಿನಕಾಯಿ ತಂದಿದ್ದರು ಎನ್ನುವುದು ಉಂಟು, ಬೆಳಗಿನ ತಿಂಡಿ ಇಲ್ಲ. ಬಾಯಲ್ಲಿದ್ದ ಲೆಕ್ಕ ಜಾರಿದ್ದು ಅವರಿಗೂ ತಿಳಿದಿತ್ತು. ಆದರೆ ಫೋನನ್ನು ಮುಟ್ಟಿದರೆ ಅವರದೇ ಗಟ್ಟಿ ದನಿ ಹೇಳುತ್ತಿತ್ತಲ್ಲ, ಅದನ್ನು ಕೇಳಿಕೊಂಡು ಗೇಟಿಗೆ ಹೋಗಿ ನಿಲ್ಲುತ್ತಿದ್ದರು. ಕೇಳಿದವರಿಗೆ ಸರಿಯಾಗಿ ಹೇಳುತ್ತಿದ್ದರು. ಅವರು ಊರಿನ ಸಂಜೀವಣ್ಣನಾಗಿ ಉಳಿದದ್ದು ನನ್ನ ಆ ಮುರುಕು ಆ್ಯಪಿನಿಂದ, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಈ ವರ್ಷ ಬೇಶ ತಿಂಗಳಲ್ಲಿ ಮಗಳು ಶ್ರಾವ್ಯಾಳ ಮದುವೆಯಾಯಿತು. ಗಂಡನ ಮನೆ ಕಾರ್ಕಳ. ಆಟಿ ಬಂದ ಕೂಡಲೇ ಹೊಸ ಮದುಮಗಳು ತವರಿಗೆ ಬಂದು ತಿಂಗಳಿಡೀ ಇರುವುದು ನಮ್ಮಲ್ಲಿ ಕ್ರಮ, ಆಟಿ ಕೂರುವುದು ಎನ್ನುತ್ತೇವೆ. ಆಟಿ ಮುಗಿದು ಸೋಣ ಒಂದು ಬಂದರೆ ಗಂಡ ಬಂದು ಕರೆದುಕೊಂಡು ಹೋಗುತ್ತಾನೆ. ಹಿಂದೆ ಗಂಡಹೆಂಡಿರಿಗೆ ಅದು ದೊಡ್ಡ ವಿರಹವಾಗಿತ್ತು. ನಮ್ಮ ಮಗಳು ಅಳಿಯ ಇಬ್ಬರೂ ಮಣಿಪಾಲದಲ್ಲಿ ಕೆಲಸ ಮಾಡುತ್ತಾರೆ. ಆಫೀಸು ಬೇರೆ, ಕ್ಯಾಂಟೀನು ಒಂದೇ. ಅವರ ವಿರಹ ಮಧ್ಯಾಹ್ನದ ಊಟದವರೆಗೆ ಮಾತ್ರ. ಆದರೂ ಸಂಜೆ ಬಸ್ಸಿಳಿದು ಅವಳು ನಮ್ಮ ಗೇಟು ತೆಗೆಯುವ ಸದ್ದು ಕೇಳಿದರೆ ನನಗೆ ಶಾಲೆಯ ಪೇಪರು ತಿದ್ದುವುದೂ ಹಗುರವೆನಿಸುತ್ತಿತ್ತು. ಪತ್ರೊಡೆ ಆಯಿತು, ಹಲಸಿನ ಬೀಜದ ಚಟ್ನಿ ಆಯಿತು, ಅಮಾವಾಸ್ಯೆಯ ಕಹಿ ಕಷಾಯಕ್ಕೆ ಚಿಕ್ಕವಳಿದ್ದಾಗ ಮಾಡುತ್ತಿದ್ದ ಮುಖವನ್ನೇ ಈ ಸಲವೂ ಮಾಡಿದಳು. ಮನೆ ಮೊದಲಿನ ಹಾಗೆ ಆಗಿತ್ತು. ಮೊದಲಿನ ಹಾಗೆ ಆಗುವುದು ಎಷ್ಟು ಅಪರೂಪ ಎಂದು ಆ್ಯಪ್ ಬರೆದವನಿಗೆ ಬೇರೆ ಹೇಳಬೇಕಾಗಿಲ್ಲ.

ಆಗಲೇ ತಮ್ಮಲೆಯ ಫೋನು ಅಪ್‌ಡೇಟ್ ಆದದ್ದು. ಊಟದ ನಂತರ ಏನೋ ಕೇಳಿತಂತೆ, ಅವರು ‘ಸರಿ’ ಒತ್ತಿದರಂತೆ. ಹಿರಿಯರು, ಯಾರು ಏನು ಕೇಳಿದರೂ ಇಲ್ಲ ಎನ್ನುವವರಲ್ಲ. ಮರುದಿನ ಮುಟ್ಟಿದಾಗ ಫೋನು ಹೇಳಿತು, ‘ಆಟಿ ಇರ್ವತ್ತೇಳ್ ಪೋಪುಂಡು.’ ಆಟಿ ಇಪ್ಪತ್ತೇಳು ಹೋಗುತ್ತದೆ. ಅದರ ಮರುದಿನವೂ ಅದೇ, ಮತ್ತೊಂದು ದಿನವೂ ಅದೇ. ಕಾರಣ ನನಗೆ ಕೂಡಲೇ ಹೊಳೆಯಿತು. ತಮ್ಮಲೆ ದಿನಕ್ಕೊಂದು ಕೂಡಿಸುವ ಹಾಗೆಯೇ ನಾನು ಆ್ಯಪಿಗೂ ಬರೆದಿದ್ದೆ. ಬೆಳಿಗ್ಗೆ ತಾನಾಗಿ ಎದ್ದು ಒಂದು ಕೂಡಿಸಿ ಮತ್ತೆ ಮಲಗಬೇಕು. ಹೊಸ ಆಪರೇಟಿಂಗ್ ಸಿಸ್ಟಮಿನ ಕಾನೂನು ಬೇರೆ. ನನ್ನನ್ನು ಕೇಳದೆ ಯಾರೂ ಏಳಬಾರದು, ಬ್ಯಾಟರಿ ಖರ್ಚಾಗುತ್ತದೆ. ಆ್ಯಪ್ ಏಳಲಿಲ್ಲ, ಆಟಿ ಮುಂದೆ ಹೋಗಲಿಲ್ಲ. ಸರಿಮಾಡಲು ಎರಡು ದಿನ ಸಾಕಿತ್ತು. ನಾನು ಮಾಡಲಿಲ್ಲ. ‘ನೋಡುವಾ’ ಎಂದುಕೊಂಡೆ.

ನಿಜವಾದ ಸೋಣ ಒಂದು ಬಂತು. ಅಳಿಯ ದೀಕ್ಷಿತ್ ಒಂದು ಸ್ವೀಟಿನ ಪೆಟ್ಟಿಗೆ ಹಿಡಿದುಕೊಂಡು, ಹೊಸ ಅಂಗಿ ಹಾಕಿಕೊಂಡು ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದ. ತಮ್ಮಲೆ ಪ್ರೀತಿಯಿಂದ ಕೂರಿಸಿದರು. ‘ಆಟಿಯಲ್ಲಿ ಹೀಗೆ ಬರ್ಲಿಕ್ಕಿಲ್ಲ, ಆದ್ರೂ ತೊಂದರೆ ಇಲ್ಲ, ಊಟ ಮಾಡಿ ಹೋಗಿ’ ಎಂದರು.

‘ಅಜ್ಜ, ಇವತ್ತು ಸೋಣ ಒಂದು ಅಲ್ವಾ?’

‘ಯಾರು ಹೇಳಿದ್ದು?’

‘ಕ್ಯಾಲೆಂಡರಿನಲ್ಲಿ ಉಂಟು ಅಜ್ಜ.’

‘ಕ್ಯಾಲೆಂಡರ್ ಪ್ರಿಂಟ್ ಮಾಡುವುದು ಹೋದ ವರ್ಷವೇ ಅಲ್ವಾ? ಇವತ್ತಿನದ್ದು ಅವರಿಗೆ ಹೇಗೆ ಗೊತ್ತಾಗ್ತದೆ?’ ಎಂದು ತಮ್ಮಲೆ ಫೋನು ಮುಟ್ಟಿದರು. ‘ಆಟಿ ಇರ್ವತ್ತೇಳ್ ಪೋಪುಂಡು’ ಎಂದಿತು ಫೋನು. ‘ಕೇಳಿದಿರಾ? ನಾನೇ ಹೇಳ್ತಾ ಇದ್ದೇನೆ. ನಾನು ಹೇಳಿದ್ದು ಸುಳ್ಳಾಗ್ಲಿಕ್ಕೆ ಹೇಗೆ?’

ದೀಕ್ಷಿತ್ ನನ್ನ ಮುಖ ನೋಡಿದ. ನಾನು ಸ್ವೀಟಿನ ಪೆಟ್ಟಿಗೆ ನೋಡಿದೆ. ಟಿವಿಯಲ್ಲಿ ಶ್ರಾವಣ ಎನ್ನುತ್ತಾರಲ್ಲ ಎಂದು ಆತ ಇನ್ನೊಂದು ಪ್ರಯತ್ನ ಮಾಡಿದ. ‘ಅದು ಬೆಂಗಳೂರಿನ ಲೆಕ್ಕ, ಅವರ ಆಷಾಢ ಬೇರೆ, ನಮ್ಮ ಆಟಿ ಬೇರೆ’ ಎಂದು ತಮ್ಮಲೆ ಅದನ್ನೂ ಮುಗಿಸಿದರು. ಈ ಮಾತು ಸತ್ಯವೇ ಆಗಿದ್ದುದರಿಂದ ಪಾಪ, ಆತ ಊಟಕ್ಕೆ ಕೈ ತೊಳೆಯಲು ಎದ್ದ. ತಮ್ಮಲೆಯ ಬಾಯಲ್ಲಿ ಸೋಣ ಬಾರದೆ ಹೆಣ್ಣನ್ನು ಕಳುಹಿಸುವುದು ನಮ್ಮ ಕುಟುಂಬದಲ್ಲಿಲ್ಲ. ಅಳಿಯ ಊಟ ಮಾಡಿ ಬೈಕು ಹತ್ತಿದ. ಶ್ರಾವ್ಯಾ ಗೇಟಿನವರೆಗೆ ಹೋಗಿ ಬಂದು, ‘ಪಪ್ಪ, ನಿಮ್ಮ ಆ್ಯಪ್ ಹಾಳಾಗಿದ್ಯಾ?’ ಎಂದು ಕೇಳಿದಳು. ‘ನೋಡ್ಬೇಕು ಮಗ’ ಎಂದೆ. ‘ಅರ್ಜೆಂಟ್ ಎಂತ ಇಲ್ಲ’ ಎಂದು ಪೆಟ್ಟಿಗೆ ಬಿಚ್ಚಿದಳು. ತಂದೆ ಮಗಳ ನಡುವೆ ಇಷ್ಟು ಒಳ್ಳೆಯ ಒಪ್ಪಂದ ಅವಳ ಎಸ್ಸೆಸ್ಸೆಲ್ಸಿಯಲ್ಲೂ ಆಗಿರಲಿಲ್ಲ.

ದಿನಗಳು ಹೋದವು, ಫೋನಿನಲ್ಲಿ ಹೋಗಲಿಲ್ಲ. ಕಾರ್ಕಳದಿಂದ ಬೀಗಿತ್ತಿ ವಾರಿಜಳಿಗೆ ಫೋನು ಮಾಡಿ, ‘ಅಕ್ಕ, ನಿಮ್ಮಲ್ಲಿ ಆಟಿಗೆ ಎಷ್ಟು ದಿನ?’ ಎಂದು ನಯವಾಗಿ ಕೇಳಿದರು. ಮುಂಬೈಯ ಒಬ್ಬರು ಆ್ಯಪಿಗೆ ಒಂದು ನಕ್ಷತ್ರ ಕೊಟ್ಟು, ‘ಸೋಣದಲ್ಲಿ ಹೊಸ ಹೊಟೇಲು ತೆರೆಯಬೇಕು, ನಿಮ್ಮಲ್ಲಿ ಸೋಣ ಬರುವುದು ಯಾವಾಗ?’ ಎಂದು ಬರೆದರು. ವಾರಿಜ ನನ್ನನ್ನು ಒಂದು ಥರ ನೋಡುತ್ತಿದ್ದಳು, ಅಷ್ಟೇ. ನಾನು ಅದನ್ನು ಮೆಚ್ಚುಗೆ ಎಂದೇ ತಿಳಿದಿದ್ದೆ.

ನನ್ನ ಕಳ್ಳತನಕ್ಕೆ ಪೆಟ್ಟು ಬಿದ್ದದ್ದು ಗೇಟಿನ ಹತ್ತಿರ. ಪಕ್ಕದ ಮನೆಯ ಕಮಲಕ್ಕ ಹೊಸ್ತಿಲಪೂಜೆಗೆ ಹೂ ಕೊಯ್ದುಕೊಂಡು ಹೋಗುತ್ತಿದ್ದರು. ಸೋಣದಲ್ಲಿ ಹೆಂಗಸರು ಹೊಸ್ತಿಲಿಗೆ ಪೂಜೆ ಮಾಡುವುದು ನಮ್ಮ ಕಡೆ ಕ್ರಮ. ತಮ್ಮಲೆ ತಾವಾಗಿಯೇ ಕರೆದು, ‘ಕಮಲ, ಇವತ್ತು ಆಟಿ ಇಪ್ಪತ್ತೇಳು ಹೋಗ್ತದೆ. ಇನ್ನೂ ಸೋಣ ಬರ್ಲಿಲ್ಲ, ಈಗಲೇ ಹೂ ಎಂತಕ್ಕೆ?’ ಎಂದರು. ಕಮಲಕ್ಕ ನಕ್ಕರು. ಕೆಟ್ಟ ನಗುವಲ್ಲ. ಜಗಲಿಯಲ್ಲಿದ್ದ ನನ್ನನ್ನು ನೋಡಿ ದನಿ ತಗ್ಗಿಸಿ, ‘ಸಂಜೀವಣ್ಣನಿಗೆ ಈಗ ಲೆಕ್ಕ ಇಲ್ಲ ಅಲ್ವಾ? ಪಾಪ’ ಎಂದು ಹೋದರು. ತಮ್ಮಲೆಗೆ ಮರೆವು ಬಂದಿರಬಹುದು, ಕಿವಿ ಚುರುಕಾಗಿಯೇ ಉಂಟು. ಒಳಗೆ ಬಂದು ಕುಳಿತು ಫೋನು ಮುಟ್ಟಿದರು. ಮತ್ತೆ ಮುಟ್ಟಿದರು. ಮೂರನೇ ಸಲ ಮುಟ್ಟಿ, ‘ಮಗ, ನಾನು ತಪ್ಪು ಹೇಳ್ತಾ ಇದ್ದೇನಾ?’ ಎಂದು ಕೇಳಿದರು.

ಜೀವಮಾನದಲ್ಲಿ ಒಂದು ದಿನವನ್ನೂ ತಪ್ಪಿ ಹೇಳದ ಮನುಷ್ಯ. ಅವರ ಮರೆವನ್ನು ನಾನು ಕೊಡೆಯ ಹಾಗೆ ಹಿಡಿದುಕೊಂಡು ಅದರಡಿ ನಿಂತಿದ್ದೆ. ನನಗೆ ನಾಚಿಕೆಯಾಯಿತು. ‘ನೀವಲ್ಲ ತಮ್ಮಲೆ, ನಾನು ತಪ್ಪು ಬರೆದದ್ದು’ ಎಂದೆ. ಅವತ್ತೇ ಶಾಲೆಗೆ ರಜೆ ಹಾಕಿದೆ.

ಸರಿಮಾಡಲು ಕಂಪ್ಯೂಟರು ತೆರೆದರೆ, ಆ್ಯಪ್ ತಿದ್ದುವ ಸಾಧನಕ್ಕೇ ಅಪ್‌ಡೇಟ್ ಬೇಕಂತೆ. ಅದಕ್ಕೆ ಮೊದಲು ಕಂಪ್ಯೂಟರಿಗೆ ಅಪ್‌ಡೇಟ್ ಬೇಕಂತೆ. ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿಲ್ಲವಂತೆ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಹಳೆಯ ಬರವಣಿಗೆ ಕಣ್ಣಿಗೆ ಬಿತ್ತು. ಹನ್ನೆರಡು ವರ್ಷಗಳ ಕೆಳಗೆ ನಾನು ಎಷ್ಟು ಬುದ್ಧಿವಂತನಾಗಿರಲಿಲ್ಲ ಎನ್ನುವುದಕ್ಕೆ ಸಾಲು ಸಾಲು ಪುರಾವೆ. ಇನ್ನು ಮೇಲೆ ಬೆಳಿಗ್ಗೆ ಏಳುವ ಕೆಲಸ ಬೇಡ, ಮುಟ್ಟಿದಾಗ ಸಂಕ್ರಮಣದಿಂದ ಎಣಿಸಿ ಹೇಳಿದರೆ ಸಾಕು ಎಂದು ತಿದ್ದಿದೆ. ಆಮೇಲೆ ದನಿಗಳು ಸರಿಯಾಗಿವೆಯೇ ಎಂದು ನೋಡಲು ಒಂದೊಂದನ್ನೇ ಕೇಳುತ್ತಾ ಹೋದೆ. ರೆಕಾರ್ಡ್ ಮಾಡುವಾಗ ತಮ್ಮಲೆಯ ಮಾತೊಂದನ್ನೇ ಕೇಳಿದ್ದೆ. ಈಗ ಅದರ ಹಿಂದಿನದ್ದು ಕೇಳಿಸಿತು. ನಿರ್ನಾಲ ಮೂರರಲ್ಲಿ ವಾರಿಜ ದೋಸೆ ಹುಯ್ಯುವ ಸದ್ದು. ಸುಗ್ಗಿ ಎಂಟರಲ್ಲಿ ನಮ್ಮ ಸತ್ತುಹೋದ ನಾಯಿ. ಎಷ್ಟೋ ದಿನಗಳಲ್ಲಿ, ಎಂಟನೇ ಕ್ಲಾಸಿನ ಶ್ರಾವ್ಯಾ. ‘ಅಮ್ಮ, ನನ್ನ ಇನ್ನೊಂದು ಸಾಕ್ಸ್ ಎಲ್ಲಿ?’ ಆ ವರ್ಷ ಅವಳು ಹುಡುಕದ ವಸ್ತುವಿಲ್ಲ. ನಮ್ಮ ಮನೆಯ ಒಂದು ಇಡೀ ವರ್ಷ ಅದರೊಳಗಿತ್ತು. ನಾನು ಅದನ್ನು ಎಷ್ಟೋ ಜನರ ಫೋನಿಗೆ ಹಂಚಿ, ನಾನೊಬ್ಬ ಕೇಳದೆ ಕೂತಿದ್ದೆ. ಕಣ್ಣು ಒದ್ದೆಯಾಯಿತು ಎಂದು ಬರೆಯಲು ನನಗೇನೂ ಸಂಕೋಚವಿಲ್ಲ.

ಅಂಗಡಿಯವರು ಪರಿಶೀಲಿಸಿ ಒಪ್ಪುವವರೆಗೆ ಕಾಯದೆ, ವಯರು ಸಿಕ್ಕಿಸಿ ತಮ್ಮಲೆಯ ಫೋನಿಗೆ ನೇರವಾಗಿ ಹಾಕಿದೆ. ಮುಟ್ಟಿದರು. ‘ಸೋಣ ಪದಿರಾಡ್ ಪೋಪುಂಡು.’ ಸೋಣ ಹನ್ನೆರಡು. ತಮ್ಮಲೆ ಗಾಬರಿಯಾದರು. ‘ನಡುವಿನದ್ದೆಲ್ಲ ಎಲ್ಲಿಗೆ ಹೋಯಿತು ಮಾರಾಯ? ನಾನು ಹೇಳಲೇ ಇಲ್ಲ, ಅದು ಹೋದದ್ದು ಹೇಗೆ?’ ಹೇಳದೆ ದಿನಗಳನ್ನು ಕಳುಹಿಸಲು ಅವರು ತಯಾರಿರಲಿಲ್ಲ. ಆಟಿ ಇಪ್ಪತ್ತೆಂಟರಿಂದ ಒಂದೊಂದನ್ನೇ ಹಾಕಿ ಕೇಳಿಸಿದೆ. ಶ್ರಾವ್ಯಾ ಬ್ಯಾಗು ತುಂಬುವುದನ್ನು ಬಿಟ್ಟು ಬಂದು ಕುಳಿತಳು. ಸೋಣ ನಾಲ್ಕರ ಹಿಂದಿನಿಂದ, ‘ಪಪ್ಪ, ಬಸ್ ಬಂತು, ಬೇಗ ಬನ್ನಿ!’ ಎಂದು ಒಂದು ಕೀಚಲು ದನಿ ಕೂಗಿತು. ‘ಅಯ್ಯೋ, ಇದು ನಾನಾ?’ ಎಂದು ನಕ್ಕಳು. ತಮ್ಮಲೆ ನಗಲಿಲ್ಲ, ಒಂದೊಂದು ದಿನಕ್ಕೂ ತಲೆಯಾಡಿಸಿ ಬೀಳ್ಕೊಟ್ಟರು. ಹನ್ನೆರಡು ಮುಗಿದ ಮೇಲೆ ಎದ್ದು ನಿಂತು, ‘ಸೋಣ ಬಂದಿದೆ, ಮಗುವನ್ನು ಕಳುಹಿಸಿ’ ಎಂದರು. ಸಂಜೆ ದೀಕ್ಷಿತ್ ಬಂದ. ಈ ಸಲ ಸ್ವೀಟು ತರಲಿಲ್ಲ, ಅನುಭವಸ್ಥನಾಗಿದ್ದ. ಅವಳು ಕಾಲಿಗೆ ಬಿದ್ದು, ಬೈಕು ಹತ್ತಿ, ತಿರುವಿನವರೆಗೂ ಕೈ ಬೀಸಿದಳು.

ನಾನು ಒಳಗೆ ಬಂದು ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತೆ. ವಾರಿಜ ಊಟದ ಪಾತ್ರೆಗಳನ್ನು ಸಿಂಕಿಗೆ ಹಾಕುತ್ತಿದ್ದಳು. ‘ಮನೆ ಖಾಲಿ ಆಯ್ತು ಅಲ್ವಾ? ಇನ್ನೂ ಎರಡು ದಿನ ತಡ ಮಾಡಬಹುದಿತ್ತು’ ಎಂದೆ. ಸಮಾಧಾನದ ಒಂದು ಮಾತು ಸಿಗಬಹುದು ಎಂದು ಆಸೆ. ಅವಳು ನಲ್ಲಿ ನಿಲ್ಲಿಸಿದಳು.

‘ನಮ್ಮ ಮದುವೆಯ ಮೊದಲ ಆಟಿ ನಿಮಗೆ ನೆನಪುಂಟಾ?’ ಎಂದಳು. ‘ಸೋಣ ಒಂದಕ್ಕೆ ಮೊದಲ ಬಸ್ಸಿಗೇ ಹೆಬ್ರಿಗೆ ಬಂದಿದ್ರಿ. ನಮ್ಮಲ್ಲಿ ಇನ್ನೂ ಒಲೆ ಹಚ್ಚಿರಲಿಲ್ಲ. ಇವತ್ತೊಂದು ದಿನ ಇರಲಿ, ನಾಳೆ ನಾನೇ ಕರ್ಕೊಂಡು ಬಂದು ಬಿಡ್ತೇನೆ ಅಂತ ನನ್ನ ಅಪ್ಪ ಕೇಳಿದ್ರು. ನೀವು ಎಂತ ಹೇಳಿದ್ರಿ?’

ನನಗೆ ನೆನಪಾಯಿತು. ತಮ್ಮಲೆ ಲೆಕ್ಕ ಹೇಳಿ ಕಳುಹಿಸಿದ್ದಾರೆ, ಇವತ್ತು ಸೋಣ ಒಂದು ಹೋಗುತ್ತದೆ, ಕ್ರಮ ಕ್ರಮವೇ ಎಂದಿದ್ದೆ. ಚಹಾ ಕೂಡ ನಿಂತುಕೊಂಡೇ ಕುಡಿದಿದ್ದೆ. ಬಸ್ಸು ಹೊರಡುವಾಗ ಅವಳ ಅಪ್ಪ ಕಿಟಕಿಯ ಕಂಬಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಜತೆಗೇ ನಡೆದು ಬಂದಿದ್ದರು.

‘ನೀವು ಮಗಳನ್ನು ಹನ್ನೆರಡು ದಿನ ಇಟ್ಟುಕೊಂಡ್ರಿ’ ಎಂದಳು ವಾರಿಜ. ಸಿಟ್ಟಿನಿಂದಲ್ಲ. ‘ನನ್ನ ಅಪ್ಪ ಕೇಳಿದ್ದು ಒಂದು ದಿನ.’

ಅವತ್ತಿನ ಪಾತ್ರೆಗಳನ್ನೆಲ್ಲ ನಾನೇ ತೊಳೆದೆ. ಅವಳು ಬೇಡ ಎನ್ನಲಿಲ್ಲ.